ಆರನೆಯ ಆ್ಯಪ್

ಎಕ್ಕಂಬಿ ಊರಿನವರ ಫೋನೊಂದು ಹುಬ್ಬಳ್ಳಿ ಬಸ್ಸಿನಲ್ಲಿ ಬಿದ್ದು ಸಿಕ್ಕರೆ, ಅದು ಯಾರದೆಂದು ಹೇಳುವುದು ಕಷ್ಟವಿತ್ತು. ಎಕ್ಕಂಬಿಯದೆಂದು ಹೇಳುವುದು ಮಾತ್ರ ಬಹಳ ಸುಲಭವಾಗಿತ್ತು. ಪರದೆಯ ಮೇಲ್ಸಾಲಿನಲ್ಲಿ ಪಂಚಾಂಗ, ಅದರ ಮಗ್ಗುಲಿಗೆ ಹವಾಮಾನ, ಕೆಳಗೆ ವಚನಗಾಯನ, ದಿಕ್ಸೂಚಿ, ಎರಡು ಬಗೆಯ ಟಾರ್ಚು, ಫೋನನ್ನು ತೊಳೆದು ಕೊಡುತ್ತೇನೆಂದು ಹೇಳಿಕೊಳ್ಳುವ ಒಂದು ಪೊರಕೆಯ ಚಿತ್ರ, ಹೀಗೆ ಮೂವತ್ತೊಂದು ಆ್ಯಪ್‌ಗಳು ಒಂದೇ ಕ್ರಮದಲ್ಲಿ ಕುಳಿತಿರುತ್ತಿದ್ದವು. ನಾಲ್ಕು ಎಕರೆ ಅನಾನಸ್ ಬೆಳೆಯುವ ಬಸವರಾಜನ ಫೋನಿನಲ್ಲೂ ಅವೇ. ಎಂಬತ್ತು ದಾಟಿದ ನೀಲಗಂಗವ್ವನ ಫೋನಿನಲ್ಲೂ ಅವೇ. ಆ ಕ್ರಮ ಕಲ್ಲಯ್ಯನದು.

ಕ್ರಾಸಿನ ಬಳಿ ಅವನದೊಂದು ಮೊಬೈಲ್ ಅಂಗಡಿ. ಹೊಸ ಫೋನು ಕೊಂಡವರು ಅದನ್ನು ಡಬ್ಬಿಯ ಸಮೇತ ಅಲ್ಲಿಗೆ ತರುತ್ತಿದ್ದರು. ಕಲ್ಲಯ್ಯ ತನ್ನ ಫೋನನ್ನು ಅದರ ಪಕ್ಕಕ್ಕಿಟ್ಟು ಒಂದರಿಂದ ಇನ್ನೊಂದಕ್ಕೆ ಇಡೀ ಗಂಟನ್ನು ದಾಟಿಸುತ್ತಿದ್ದ. ‘ಗಂಟು’ ಎಂಬುದು ಅವನದೇ ಮಾತು. ಇಷ್ಟೆಲ್ಲ ಯಾಕೆಂದು ಯಾರಾದರೂ ಕೇಳಿದರೆ, “ಪುಕ್ಕಟೆ ಐತಲ್ರಿ, ಇರ್ಲಿ ಬಿಡ್ರಿ” ಎನ್ನುತ್ತಿದ್ದ. ಈ ಕೆಲಸಕ್ಕೆ ಅವನು ಯಾರಿಂದಲೂ ಏನನ್ನೂ ತೆಗೆದುಕೊಂಡವನಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮುಂದೆ ನಿಲ್ಲುವವರ ಮುಖದಲ್ಲಿ ಒಂದು ಬಗೆಯ ಶರಣಾಗತಿ ಇರುತ್ತಿತ್ತಲ್ಲ, ಅವನಿಗೆ ಅಷ್ಟು ಸಾಕಾಗಿತ್ತು.

ಅಂಗಡಿಯ ಮೇಲಿನ ಫಲಕದಲ್ಲಿ ‘ಇಲ್ಲಿ ಉಚಿತ ಆ್ಯಪ್ ಹಾಕಿಕೊಡಲಾಗುವುದು’ ಎಂದು ಬರೆಸಿದ್ದ. ಬಾಯಲ್ಲಿ ಪುಕ್ಕಟೆ ಎಂದರೂ ಫಲಕದ ಮೇಲೆ ಹಾಗೆ ಬರೆಸಲಾಗದು ಎಂಬ ಮರ್ಯಾದೆ ಅವನಿಗೆ ಗೊತ್ತಿತ್ತು. ನಿವೃತ್ತ ಕನ್ನಡ ಮಾಸ್ತರರಾದ ಮಧುಕೇಶ್ವರ ಅದನ್ನು ಮೊದಲ ಸಲ ಓದಿದಾಗ ರಸ್ತೆಯಲ್ಲೇ ನಿಂತುಬಿಟ್ಟಿದ್ದರು.

“ಕಲ್ಲಯ್ಯನವರ, ಉಚಿತ ಅಂದ್ರ ತಕ್ಕದ್ದು, ಒಪ್ಪುವಂಥಾದ್ದು ಅಂತ ಮೊದಲನೇ ಅರ್ಥ. ಪುಕ್ಕಟೆ ಅನ್ನೂದು ಆಮ್ಯಾಲೆ ಬಂದದ್ದು. ಬಾಳ ದೊಡ್ಡ ಮಾತ ಬರಸೀರಿ ನೀವು.”

ಕಲ್ಲಯ್ಯ ಅದನ್ನು ಹೊಗಳಿಕೆಯೆಂದೇ ತಿಳಿದು ಅವರ ಫೋನಿಗೆ ಮೂವತ್ತೊಂದನ್ನೂ ಹಾಕಿಕೊಟ್ಟ.

ಅವನು ಮೊದಲಿನಿಂದಲೂ ಹೀಗಿದ್ದವನಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಇದೇ ಜಾಗದಲ್ಲಿ ಎಸ್‌ಟಿಡಿ ಬೂತು ಇಟ್ಟಿದ್ದ. ಒಬ್ಬರು ನಿಂತರೆ ಮೊಣಕೈ ಗಾಜಿಗೆ ತಾಗುವಷ್ಟು ಕಿರಿದಾದ ಗೂಡು ಅದು. ಮೀಟರಿನ ಕೆಂಪು ಅಂಕಿಗಳು ಓಡತೊಡಗಿದರೆ ಸಾಕು, ಹೊಲದಲ್ಲಿ ಗಂಟಲು ಹರಿಯುವಂತೆ ಕೂಗುವ ಗಂಡಸರೂ ಅಲ್ಲಿ ಮಾತು ಮರೆತು ನಿಲ್ಲುತ್ತಿದ್ದರು. ಆಗೆಲ್ಲ ಕಲ್ಲಯ್ಯ ಮೊದಲೇ ಅವರನ್ನು ಬೆಂಚಿನ ಮೇಲೆ ಕೂರಿಸಿ, “ಯಾರಿಗೆ ಹಚ್ಚಬೇಕ್ರಿ? ಏನ್ ಬೇಕಾಗಿತ್ರಿ?” ಎಂದು ಕೇಳಿ, ಹೇಳಬೇಕಾದುದನ್ನು ಎರಡು ಮಾತಿಗೆ ಇಳಿಸಿ, ಆಮೇಲೆ ನಂಬರು ಒತ್ತುತ್ತಿದ್ದ. ಬೂತು ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬುವ ಕಾಲ ಬಂದಾಗಲೂ ಮೊದಮೊದಲು ಯಾವ ಹಾಡು ಬೇಕೆಂದು ಕೇಳುತ್ತಿದ್ದ. ಬರುವವರು ಹೆಚ್ಚಾದರು, ಕೇಳುವುದು ಕಡಿಮೆಯಾಯಿತು, ಎಲ್ಲರಿಗೂ ಅದೇ ಐದುನೂರು ಹಾಡುಗಳು ಹೋದವು. ಯಾರೂ ದೂರಲಿಲ್ಲ. ಆ್ಯಪ್‌ಗಳ ಕಾಲ ಬರುವ ಹೊತ್ತಿಗೆ ಆ ಪ್ರಶ್ನೆ ಅವನ ನಾಲಿಗೆಯಿಂದ ಪೂರ್ತಿ ಜಾರಿಹೋಗಿತ್ತು. ಜಾರಿದ್ದು ಅವನ ಗಮನಕ್ಕೂ ಬಂದಿರಲಿಲ್ಲ.

ಹಾಗಿರುವಾಗ ರಸ್ತೆಯ ಆಚೆ ಬದಿಯ ಪಂಚಾಯತಿ ಗ್ರಂಥಾಲಯಕ್ಕೆ ಭೂಮಿಕಾ ಬಂದಳು.

ಸಿದ್ದಾಪುರದ ಕಡೆಯ ಮನ್ಮನೆಯವಳು. ಊರಿನ ಸುನೀಲನನ್ನು ಮದುವೆಯಾಗಿ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿಗೆ ನಾಲ್ಕು ಟ್ಯಾಬ್‌ಗಳು ಬಂದವು. ಅವುಗಳಲ್ಲಿ ಏನಿರಬೇಕು, ಏನಿರಬಾರದು ಎಂದು ಒಂದು ವಾರ ಕುಳಿತು ಆರಿಸಿದಳಂತೆ. ಅದನ್ನು ನೋಡಿದ ಹೆಂಗಸರು, “ನಮ್ಮ ಫೋನಿಗೂ ಹಿಂಗ ಮಾಡಿಕೊಡವ್ವ” ಎಂದರು. ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಗ್ರಂಥಾಲಯದ ಮೆಟ್ಟಿಲಲ್ಲಿ ಚಪ್ಪಲಿಗಳು ಸಾಲುಗಟ್ಟತೊಡಗಿದವು. ಕಲ್ಲಯ್ಯ ತನ್ನ ಕುರ್ಚಿಯಿಂದ ಏಳದೆಯೇ ಅವನ್ನು ಎಣಿಸಬಲ್ಲವನಾಗಿದ್ದ. ಮೊದಲ ವಾರ ಐದು ಜೊತೆ. ನಾಲ್ಕನೆಯ ವಾರಕ್ಕೆ ಹನ್ನೆರಡು.

ಒಂದು ಮಧ್ಯಾಹ್ನ ಬಸವರಾಜ ಬಂದು ಗಲ್ಲೆಯ ಮೇಲೆ ತನ್ನ ಫೋನಿಟ್ಟ.

“ಕಲ್ಲಯ್ಯಾ, ನೋಡ. ಮೂವತ್ತೊಂದಿದ್ದು ಏಳ ಉಳದಾವ. ಹಗ್ಗ ಬಿಚ್ಚಿದ ಹೋರಿಯಂಗ ಓಡಾಕತ್ತೈತಿ.”

“ತಗ್ಯಾಕ ಯಾರಿಗೆ ಬರಂಗಿಲ್ಲೋ ಮಾರಾಯ? ಹಾಕಾಕ ಬರಬೇಕು.”

“ಹಾಕ್ಯಾಳಲ್ಲ. ಎಲಿ ಫೋಟೋ ತಗದ್ರ ಇಂಥಾ ರೋಗ ಅಂತ ಹೇಳ್ತೈತಿ. ನಂದು ಅನಾನಸ್ ಅಂತ ಕೇಳಿ ಹಾಕಿದ್ಲು. ನೀ ಎಂದರ ಕೇಳಿದ್ಯೇನ?”

“ನಿನ್ನ ಅನಾನಸ್ ಊರಿಗೆಲ್ಲ ಗೊತ್ತೈತಿ. ಅದನ್ನೇನ್ ಕೇಳೂದೈತಿ?”

“ಗೊತ್ತಿದ್ದೂ ಎರಡೆರಡು ಟಾರ್ಚ್ ಹಾಕಿ ಕೊಟ್ಟಿದ್ಯಲ್ಲೋ,” ಎಂದು ನಕ್ಕು ಬಸವರಾಜ ಚಹಾದಂಗಡಿಯ ಕಡೆ ನಡೆದ.

ಆ ನಗು ಕಲ್ಲಯ್ಯನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮುಂದಿನ ಶನಿವಾರ ಪತ್ರಿಕೆ ಓದುವ ನೆಪದಲ್ಲಿ ರಸ್ತೆ ದಾಟಿದ. ಮಾಸ್ತರರು ಕಿಟಕಿಯ ಬಳಿ ಕುಳಿತಿದ್ದರು. ಅವರ ಪಕ್ಕದಲ್ಲಿ ಕುಳಿತು ಪತ್ರಿಕೆಯನ್ನು ಮುಖದೆತ್ತರಕ್ಕೆ ಬಿಚ್ಚಿದ. ಭೂಮಿಕಾಳ ಮುಂದೆ ನೀಲಗಂಗವ್ವ ಕುಳಿತಿದ್ದಳು. ಅವಳ ಹಿಂದಿನ ಸಾಲು ಒಳಕೋಣೆಯವರೆಗೂ ಹೋಗಿತ್ತು.

“ಅಜ್ಜಿ, ದಿನಾ ಬೆಳಿಗ್ಗೆ ಎದ್ದು ಫೋನಲ್ಲಿ ಮೊದಲು ಎಂತ ನೋಡ್ತೀರಿ?”

“ಏನೂ ನೋಡಂಗಿಲ್ಲವ್ವ. ಅದು ಒದರಿದ್ರ ಎತ್ತತೇನಿ.”

“ಮತ್ತೆ ಈ ದಿಕ್ಸೂಚಿ ಎಂತಕ್ಕೆ?”

“ಹಂಗಂದ್ರ?”

“ಉತ್ತರ ಯಾವ ಕಡೆ ಅಂತ ತೋರಿಸ್ತದೆ.”

“ಅಯ್ಯ, ನಮ್ಮನಿ ಬಾಗ್ಲಾನ ಉತ್ತರಕ್ಕೈತಿ. ಅದಕ್ಕ ಫೋನ್ ಯಾಕ ಬೇಕವ್ವ?”

ಕೋಣೆಯೆಲ್ಲ ನಕ್ಕಿತು. ಮಾಸ್ತರರೂ ನಕ್ಕರು.

“ತೆಗೆಯಲಾ ಹಾಗಾದ್ರೆ?”

“ತಗಿ, ತಗಿ. ಕಲ್ಲಯ್ಯ ಬ್ಯಾಸರ ಮಾಡ್ಕೊಂಡಾನು ಅಂತ ಇಷ್ಟ ದಿನ ಇಟಗೊಂಡಿದ್ನಿ.”

ಪತ್ರಿಕೆಯ ಹಿಂದೆ ಕಲ್ಲಯ್ಯನ ಕಿವಿ ಬಿಸಿಯಾಯಿತು. ಬೈದು ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇಷ್ಟು ವರ್ಷ ಊರು ತನ್ನ ಗಂಟನ್ನು ಹೊತ್ತದ್ದು ಬೇಕೆಂದಲ್ಲ, ತನಗೆ ಬೇಸರವಾದೀತೆಂದು. ಎದ್ದು ಹೊರಡಬೇಕು ಎನ್ನುವಷ್ಟರಲ್ಲಿ ಭೂಮಿಕಾ ಅವನನ್ನು ನೋಡಿದಳು.

“ಕಲ್ಲಯ್ಯಣ್ಣ, ನೀವೇ ಬಂದ್ರಲ್ಲ, ಒಳ್ಳೇದಾಯ್ತು. ಈ ಟ್ಯಾಬ್ ನಿನ್ನೆಯಿಂದ ಚಾರ್ಜ್ ಆಗ್ತಾ ಇಲ್ಲ. ಎಂತ ಆಗಿದೆ ನೋಡ್ತೀರಾ? ಈ ಊರಲ್ಲಿ ಇದು ನಿಮ್ಮ ಹತ್ರ ಮಾತ್ರ ಆಗೋ ಕೆಲಸ ಅಂತ ನಮ್ಮನೆಯವರೂ ಹೇಳಿದ್ರು.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕಲ್ಲಯ್ಯ ಹುಡುಕಿ ನೋಡಿದ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಪಿನ್ನು ಕೇಳಿ ತೆಗೆದುಕೊಂಡು ಚಾರ್ಜಿನ ತೂತಿನಲ್ಲಿ ಸಿಕ್ಕಿದ್ದ ಹತ್ತಿಯ ಎಳೆಯನ್ನು ಕೆದಕಿ ತೆಗೆದ. ಟ್ಯಾಬ್ ಮಿನುಗಿತು. ಅವಳು ಕೃತಜ್ಞತೆ ಹೇಳಿದಳು. ಅಹಂಕಾರಿಯಾಗಿದ್ದರೆ ಇವಳನ್ನು ದ್ವೇಷಿಸುವುದು ಸುಲಭವಿತ್ತು ಎಂದುಕೊಳ್ಳುತ್ತ ಅವನು ಮೆಟ್ಟಿಲಿಳಿದ. ಹದಿನಾಲ್ಕು ಜೊತೆ ಚಪ್ಪಲಿಗಳಿದ್ದವು. ಅವುಗಳಲ್ಲಿ ಬೆರಳಿನ ಬಳಿ ಹಸಿರು ದಾರದಿಂದ ಹೊಲಿದ ಒಂದು ಜೊತೆಯನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಹೊಳೆದದ್ದು ಮೂರು ದಿನ ಬಿಟ್ಟು, ಮಂಗಳವಾರ ಮಧ್ಯಾಹ್ನ, ಊಟಕ್ಕೆ ಹೋಗಿ ತನ್ನದೇ ಮನೆಯ ಬಾಗಿಲಲ್ಲಿ, ಹೆಂಡತಿಯ ಚಪ್ಪಲಿಯ ಪಕ್ಕ ತನ್ನದನ್ನು ಬಿಡುವಾಗ.

ಹೆಂಡತಿ ಗಂಗಾಂಬಿಕಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವಳ ಫೋನು ಕಿಟಕಿಯಲ್ಲಿ ಚಾರ್ಜಿಗಿತ್ತು. ಆ ಫೋನನ್ನು ಕಲ್ಲಯ್ಯನೇ ತಂದು, ಗಂಟು ಬಿಚ್ಚಿ, ಊರಿಗೆಲ್ಲ ಹಾಕಿದ್ದಕ್ಕಿಂತ ಎರಡು ಹೆಚ್ಚಾಗಿಯೇ ಹಾಕಿಕೊಟ್ಟಿದ್ದ. ಪರದೆ ಮುಟ್ಟಿದ. ಅದು ಗುಡಿಸಿದ ಅಂಗಳದಂತೆ ಖಾಲಿಯಿತ್ತು. ಆರೇ ಆರು ಚಿತ್ರಗಳು. ಮಾತಾಡುವುದು, ಸುದ್ದಿ ಕಳಿಸುವುದು, ಫೋಟೋ, ಹವಾಮಾನ, ವಚನಗಾಯನ. ಐದೂ ಅವನಿಗೆ ಗೊತ್ತಿದ್ದವೇ. ಆರನೆಯದು ನೀಲಿ ಬಣ್ಣದ್ದು, ಒಂದು ಉಂಗುರಕ್ಕೆ ಬಾಲವಿಟ್ಟಂತೆ. ಅದನ್ನು ಅವನು ಎಂದೂ ನೋಡಿರಲಿಲ್ಲ.

ಊರಿಗೆಲ್ಲ ಆ್ಯಪ್ ಹಾಕಿಕೊಟ್ಟವನಿಗೆ ತನ್ನ ಮನೆಯ ಕಿಟಕಿಯಲ್ಲಿ ಕುಳಿತ ಒಂದು ಆ್ಯಪ್ ಯಾವುದೆಂದು ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನನ್ನು ಕಚ್ಚಿದ್ದು ಬೇರೆಯೇ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಏನು ಬೇಕೆಂಬುದು, ನಿನ್ನೆ ಮೊನ್ನೆ ಮನ್ಮನೆಯಿಂದ ಬಂದ ಹುಡುಗಿಗೆ ತಿಳಿದಿದೆ, ತನಗೆ ತಿಳಿದಿಲ್ಲ. ಗಂಗಾಂಬಿಕಾ ಅಲ್ಲಿಗೆ ಹೋಗಿದ್ದಳು, ಸಾಲಿನಲ್ಲಿ ಕುಳಿತಿದ್ದಳು, ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಳು. ಏನೆಂದು ಕೊಟ್ಟಿದ್ದಳು?

ಅವನು ಒತ್ತಿದ.

ಪರದೆಯ ತುಂಬ ಮಣ್ಣಿನ ಗದ್ದೆಯಂಥದೇನೋ ತೆರೆದುಕೊಂಡಿತು. ಸಾಲುಸಾಲು ಬದುಗಳು, ನಡುವೆ ಕಪ್ಪು ಕೊಳೆ. ಅದು ತನ್ನ ಹೆಬ್ಬೆರಳು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಕಿಟಕಿಯ ಕಟ್ಟೆಯಲ್ಲಿ ಅರ್ಧ ಸವೆದ ಸಾಬೂನಿತ್ತು. ಕೆಲವು ವಾರಗಳಿಂದ ಅದನ್ನು ನೋಡುತ್ತಲೇ ಇದ್ದ, ಬಚ್ಚಲಿಗೆ ಹೋಗಬೇಕಾದದ್ದು ಇಲ್ಲೇಕಿದೆ ಎಂದು ಕೇಳಿರಲಿಲ್ಲ. ಅದರ ಮೈಮೇಲೆಲ್ಲ ಸಣ್ಣ ತೂತುಗಳು. ಒಂದು ತೂತಿನಲ್ಲಿ ಸೂಜಿ ನೆಟ್ಟಗೆ ನಿಂತಿತ್ತು. ಫೋನನ್ನು ಅದರತ್ತ ತಿರುಗಿಸಿದ. ಸೂಜಿಯ ಕಣ್ಣು ಗುಡಿಯ ಬಾಗಿಲಿನಷ್ಟು ಅಗಲವಾಗಿ ಕಂಡಿತು.

ಗಂಗಾಂಬಿಕಾ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಮಡಿಕೆಯಾಗಿ ಹಾಸಿ, ಸಾಲು ಹೊಲಿಗೆ ಹಾಕಿ ಹೊದಿಕೆ ಮಾಡುವ ಕೆಲಸ. ಕಣ್ಣು ಮಂದವಾದ ಮೇಲೆ, ಎರಡು ವರ್ಷಗಳಿಂದ, ಕಲ್ಲಯ್ಯ ಊಟ ಮುಗಿಸಿ ಕೈ ತೊಳೆದೊಡನೆ, “ಇಲ್ಲಿ ಬರ್ರಿ, ಇವನ್ನೊಂದಿಷ್ಟು ಪೋಣಿಸಿ ಕೊಡ್ರಿ” ಎನ್ನುತ್ತಿದ್ದಳು. ಆರು ಸೂಜಿ, ಆರು ಬಣ್ಣದ ದಾರ, ಆರು ನಿಮಿಷ. ಅವನು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಬೆಳಕಿಗೆ ಹಿಡಿದು, ಒಂದೊಂದಾಗಿ ಪೋಣಿಸಿ ಹಳೆಯ ರಟ್ಟಿಗೆ ಸಾಲಾಗಿ ಚುಚ್ಚಿ ಕೊಡುತ್ತಿದ್ದ. ಅದು ಸಂಜೆಯವರೆಗೆ ಸಾಲುತ್ತಿತ್ತು. ದಸರೆಯ ಈಚೆಗೆ ಅವಳು ಕರೆದಿರಲಿಲ್ಲ. ಕೌದಿಯ ಕೆಲಸವೇ ಮುಗಿದಿರಬೇಕೆಂದು ತಿಳಿದಿದ್ದ. ಆ ಆರು ನಿಮಿಷಗಳು ಕೈತಪ್ಪಿ ಹೋದದ್ದು ಅವನಿಗೆ ತಿಳಿದದ್ದು ಈಗ. ಅವುಗಳನ್ನು ಕಸಿದುಕೊಂಡದ್ದು ಪುಕ್ಕಟೆ ಸಿಗುವ ಒಂದು ನೀಲಿ ಉಂಗುರ.

ಹಿತ್ತಲಲ್ಲಿ ಬಕೆಟ್ಟು ಸದ್ದು ಮಾಡಿತು. ಕಲ್ಲಯ್ಯ ಆ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದು ಅದನ್ನು ಅಳಿಸಿಹಾಕಿದ. ನೂರಾರು ಫೋನುಗಳಿಗೆ ಹಾಕಿದ ಕೈ ಅದು. ತೆಗೆದದ್ದು ಅದೇ ಮೊದಲು.

ರೊಟ್ಟಿ ತಿಂದ. ಕೈ ತೊಳೆದ. ಬೇಕೆಂದೇ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕುಳಿತ. ಗಂಗಾಂಬಿಕಾ ಕರೆಯಲಿಲ್ಲ. ಪಾತ್ರೆ ತೊಳೆಯುತ್ತಿದ್ದಳು. ಅವನು ಅಂಗಡಿಗೆ ಹೋದ.

ನಾಲ್ಕರ ಹೊತ್ತಿಗೆ ಅವಳೇ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಾಗದ ಸುತ್ತಿದ ಸಾಬೂನು. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಗಿರಾಕಿಯಂತೆಯೇ ಕುಳಿತಳು.

“ಇದರಾಗ ಒಂದು ಆ್ಯಪ್ ಇತ್ರಿ, ದೊಡ್ಡದ ಮಾಡಿ ತೋರಸೂದು. ಯಾಕೋ ತಾನ ಹೋಗೇತಿ. ನೀವ ಒಂದು ಹಾಕಿಕೊಡ್ರಿ.”

“ಹಾಕಿದವರ ಕಡೆ ಹೋಗಬೇಕಾಗಿತ್ತು.”

“ಶನಿವಾರಕ್ಕ ಇನ್ನೂ ನಾಕ್ ದಿನ ಐತಿ. ರೋಹಿಣಿ ಕೂಸಿನ ಕೌದಿ ಶುಕ್ರವಾರ ಕಳಸಬೇಕು.” ರೋಹಿಣಿ ಅವಳ ಅಕ್ಕನ ಮಗಳು, ಯಲ್ಲಾಪುರದಲ್ಲಿ ಬಾಣಂತಿ.

ಕಲ್ಲಯ್ಯ ಫೋನನ್ನು ತೆಗೆದುಕೊಂಡ. ಆಮೇಲೆ ತಡೆಯಲಾಗಲಿಲ್ಲ. “ಕಣ್ಣಿಗೆ ಇಷ್ಟು ತ್ರಾಸ ಆಗೇತಿ ಅಂತ ನನಗ ಯಾಕ ಹೇಳ್ಲಿಲ್ಲ ನೀ?”

“ಹೇಳಿದ್ನಲ್ರಿ. ಚಾಳೀಸು ಹಾಕಿದ್ರೂ ಸೂಜಿ ಕಣ್ಣ ಕಾಣವಲ್ದು ಅಂದೆ. ನೀವು ಟಾರ್ಚ್ ಹಾಕಿಕೊಟ್ರಿ. ಒಂದಲ್ಲ, ಎರಡು.”

ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಕಲ್ಲಯ್ಯನಿಗೆ ತಲೆ ತಗ್ಗಿಸಿ ಫೋನು ನೋಡುವುದೇ ಸುಲಭವೆನಿಸಿತು. ಭೂತಗನ್ನಡಿ ಎಂದು ಹುಡುಕಿದ. ಸಾಲುಸಾಲಾಗಿ ಬಂದವು, ಎಲ್ಲದರ ಕೆಳಗೂ ಉಚಿತ ಎಂಬ ಮಾತೇ. ಮೊದಲನೆಯದನ್ನೇ ಹಾಕಿ ಕೊಡಬಹುದಾಗಿತ್ತು. ಹತ್ತು ವರ್ಷದಿಂದ ಮಾಡಿದ್ದೂ ಅದನ್ನೇ. ಆದರೆ ಇದು ಭೂಮಿಕಾ ಆರಿಸಿದ್ದಕ್ಕಿಂತ ಒಂದು ಗುಲಗಂಜಿಯಾದರೂ ಮೇಲಿರಬೇಕಿತ್ತು. ಆ ಹಟವೇ ಅವನ ಬಾಯಿಂದ ಎಷ್ಟೋ ವರ್ಷದ ಹಿಂದಿನ ಮಾತನ್ನು ಹೊರಡಿಸಿತು.

“ನಿನಗ ಅದರಾಗ ಏನೇನ್ ಬೇಕು?”

ಗಂಗಾಂಬಿಕಾ ಅವನನ್ನೊಮ್ಮೆ ನೋಡಿದಳು. “ಬೆಳಕ ಬರಬೇಕು. ನನ್ನ ಕೈ ನಡಗತೈತಿ, ಚಿತ್ರ ನಡಗಬಾರ್ದು. ಒಂದ ಕೈಲೆ ಫೋನ್ ಹಿಡೀಬೇಕಲ್ರಿ, ಗುಂಡಿ ದೊಡ್ಡದ ಇರಬೇಕು. ಮತ್ತ ದಾರ ಇನ್ನೇನ್ ಒಳಗ ಹೋಗತೈತಿ ಅನ್ನೂದ್ರಾಗ ಯಾವನೋ ಬಂದು ಇಸ್ಪೀಟ ಆಡಾಕ ಬಾ ಅನ್ನಬಾರ್ದು.”

ಒಂದೊಂದನ್ನೇ ಹಾಕಿದರು. ಸಾಬೂನನ್ನು ಗಲ್ಲೆಯ ಮೇಲಿಟ್ಟು, ಸೂಜಿ ನೆಟ್ಟು, ಅವಳು ಎಡಗೈಯಲ್ಲಿ ಫೋನು, ಬಲಗೈಯಲ್ಲಿ ದಾರ ಹಿಡಿದಳು. ಮೊದಲನೆಯದರಲ್ಲಿ ಎರಡನೇ ನಿಮಿಷಕ್ಕೇ ಇಸ್ಪೀಟೆಲೆಗಳು ಉದುರಿದವು. ಎರಡನೆಯದು ತೆರೆಯುವ ಮೊದಲೇ, ನಿಮ್ಮ ಫೋನಿನಲ್ಲಿರುವ ಹೆಸರು, ನಂಬರುಗಳನ್ನೆಲ್ಲ ನೋಡಲು ಅನುಮತಿ ಕೊಡಿ ಎಂದಿತು. ಕಲ್ಲಯ್ಯ ಸಾಮಾನ್ಯವಾಗಿ ಇಂಥದನ್ನು ಓದದೆ ಒಪ್ಪಿಗೆ ಒತ್ತುತ್ತಿದ್ದ. ಈ ಸಲ ಗಟ್ಟಿಯಾಗಿ ಓದಿದ.

“ಸೂಜಿ ತೋರಸಾಕ ನಮ್ಮ ಬೀಗರ ನಂಬರ್ ಯಾಕ ಬೇಕಂತ ಇದಕ್ಕ?” ಎಂದಳು ಗಂಗಾಂಬಿಕಾ. ಅದನ್ನು ತೆಗೆದ. ತನ್ನ ಗಂಟಿನಲ್ಲಿ ಹೀಗೆ ಕೇಳಿದವು ಎಷ್ಟಿದ್ದವೋ, ಎಷ್ಟು ಮನೆಗಳ ಬೀಗರ ನಂಬರುಗಳಿಗೆ ತಾನು ಒಪ್ಪಿಗೆ ಒತ್ತಿದ್ದೇನೋ ಎಂಬ ಯೋಚನೆ ಬಂತು. ಅದನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋದ. ಒಂದಕ್ಕೆ ಇಂಟರ್ನೆಟ್ ಇಲ್ಲದಿದ್ದರೆ ಉಸಿರೇ ಇಲ್ಲ. ಇನ್ನೊಂದರ ಗುಂಡಿ ಜೀರಿಗೆಯಷ್ಟು. ಮತ್ತೊಂದು ಏಳು ದಿನ ಮಾತ್ರ ಪುಕ್ಕಟೆ. ಎಂಟನೆಯದು ಚೆನ್ನಾಗಿತ್ತು, ತೆರೆದಾಗ ಒಂದು ಜಾಹೀರಾತು ಬರುತ್ತಿತ್ತು, ಅಷ್ಟೇ.

ಒಂಬತ್ತನೆಯದನ್ನು ಹಾಕಿದಾಗ ಪರದೆಯ ಮೇಲೆ ನೀಲಿ ಉಂಗುರ ಬಂದು ಕುಳಿತಿತು. ಬಾಲದ ಸಮೇತ.

ಬೆಳಕು ಬಂತು. ಚಿತ್ರ ಕಲ್ಲಿನಂತೆ ನಿಂತಿತು. ಗುಂಡಿ ಹೆಬ್ಬೆರಳಿನಷ್ಟಿತ್ತು. ಅದು ಯಾರ ನಂಬರನ್ನೂ ಕೇಳಲಿಲ್ಲ, ಯಾರನ್ನೂ ಇಸ್ಪೀಟಿಗೆ ಕರೆಯಲಿಲ್ಲ. ಒಂಬತ್ತೂ ಪುಕ್ಕಟೆ ಎಂದು ಹೇಳಿಕೊಂಡಂಥವೇ, ಉಚಿತವಾದದ್ದು ಇದೊಂದೇ. ಮಾಸ್ತರರು ಅಂದು ರಸ್ತೆಯಲ್ಲಿ ನಿಂತು ಹೇಳಿದ್ದು ಹೊಗಳಿಕೆಯಲ್ಲ ಎಂದು ಕಲ್ಲಯ್ಯನಿಗೆ ಆಗ ಹೊಳೆಯಿತು.

ಎಂಟನೆಯದನ್ನೇ ಉಳಿಸಿಬಿಡಬಹುದಿತ್ತು. ಅದೂ ಕೆಟ್ಟದ್ದಲ್ಲ, ತೆರೆದಾಗ ಒಮ್ಮೆ ಸೀರೆಯ ಜಾಹೀರಾತು, ಮುಗಿಯಿತು. ಅದಾದರೆ ಅದು ಕಲ್ಲಯ್ಯ ಹಾಕಿಕೊಟ್ಟದ್ದು ಎಂದಾಗುತ್ತಿತ್ತು. ಅವನ ಬೆರಳು ನೀಲಿ ಉಂಗುರದ ಮೇಲೆ ಹೋಗಿ ನಿಂತಿತು. ಗಂಗಾಂಬಿಕಾ ದಾರದ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು, ಕೈ ನಡುಗದಂತೆ ಮೊಣಕೈಯನ್ನು ಗಲ್ಲೆಗೆ ಊರಿ ಕಾಯುತ್ತಿದ್ದಳು. ಆ ಮೊಣಕೈಯನ್ನು ನೋಡಿದ ಮೇಲೆ ಕಲ್ಲಯ್ಯ ಎಂಟನೆಯದನ್ನು ತೆಗೆದುಹಾಕಿದ.

ಸೂಜಿಯ ಕಣ್ಣಿನಲ್ಲಿ ಕೆಂಪು ದಾರ ಒಂದೇ ಸಲಕ್ಕೆ ದಾಟಿತು.

“ಹೊಳ್ಳಿ ಬಂತು ನೋಡ್ರಿ,” ಎಂದಳು. “ತಾನ ಹೋಗಿತ್ತು, ತಾನ ಬಂತು.”

ಸಾಬೂನನ್ನು ಕಾಗದದಲ್ಲಿ ಸುತ್ತಿಕೊಂಡು, ಸೆರಗು ಸರಿಮಾಡಿಕೊಂಡು ಹೊರಟಳು. ಅವಳಿಗೆ ಎಲ್ಲ ಗೊತ್ತಿದೆಯೆಂದು ಅವನಿಗೆ ಗೊತ್ತಾಯಿತು. ಅದನ್ನು ಅವಳು ಎಂದಾದರೂ ಆಡಿ ತೋರಿಸಿಯಾಳು, ಬಹುಶಃ ಬೀಗರೆಲ್ಲ ಕೂಡಿದಾಗ.

ಮುಂದಿನ ಶನಿವಾರ ಹುಲಗೋಳದ ಸಿದ್ದವ್ವ ಹೊಸ ಫೋನು ಹಿಡಿದು ಬಂದಳು. ಬೂತಿನ ಕಾಲದಲ್ಲಿ, ತವರಿಗೆ ಫೋನು ಹಚ್ಚಲು ತಿಂಗಳಿಗೊಮ್ಮೆ ಬಂದು ಇದೇ ಬೆಂಚಿನಲ್ಲಿ ಕೂರುತ್ತಿದ್ದವಳು. ಅವಳ ಅಣ್ಣನ ನಂಬರು ಕಲ್ಲಯ್ಯನಿಗೆ ಈಗಲೂ ಬಾಯಿಪಾಠವಿತ್ತು. ಅವನು ಡಬ್ಬಿ ತೆರೆದ. ತನ್ನ ಫೋನನ್ನು ಪಕ್ಕಕ್ಕಿಡಲು ಹೋದ ಕೈಯನ್ನು ಹಿಂದೆಗೆದ.

“ಏನ್ ಬೇಕಾಗಿತ್ತವ್ವ ನಿನಗ ಇದರಾಗ?”

ಸಿದ್ದವ್ವನ ಮುಖ ಅರಳಿತು. “ಏನ್ ಅಯ್ಯಾರ, ನೀವೂ ಆ ಭೂಮಿಕಾ ಕೇಳಿದಂಗ ಕೇಳಾಕತ್ತೀರಿ. ಆಕಿ ಕಡಿಂದ ಕಲ್ತೀರೇನ?”

ಕಲ್ಲಯ್ಯನಿಗೆ ಮಾತು ಗಂಟಲಿನವರೆಗೆ ಬಂತು. ಆಕೆ ಹುಟ್ಟುವ ಮೊದಲೇ, ಇದೇ ಬೆಂಚಿನ ಮೇಲೆ ನಿನ್ನನ್ನೇ ಕೂರಿಸಿ, ಇದನ್ನೇ ಕೇಳುತ್ತಿದ್ದೆನಲ್ಲೇ ತಾಯಿ ಎಂದು. ಸಾಕ್ಷಿಗೆ ಅವಳ ಅಣ್ಣನ ನಂಬರನ್ನೂ ಹೇಳಿಬಿಡಬೇಕೆನಿಸಿತು. ಅದನ್ನು ನುಂಗಿದ.

“ಈಗ ಎಲ್ಲಾರೂ ಹಂಗ ಕೇಳ್ತಾರ,” ಎಂದ. “ನೀ ಹೇಳ ಮೊದಲ.”

ಸಿದ್ದವ್ವ ಗದ್ದಕ್ಕೆ ಕೈಯೂರಿ ಯೋಚಿಸತೊಡಗಿದಳು. ಅವಳು ಯೋಚಿಸಿ ಮುಗಿಸುವಷ್ಟರಲ್ಲಿ ಕಲ್ಲಯ್ಯನ ಕಣ್ಣು ರಸ್ತೆ ದಾಟಿ ಗ್ರಂಥಾಲಯದ ಮೆಟ್ಟಿಲಿಗೆ ಹೋಗಿ, ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಎಣಿಸಿತು. ಹದಿನೇಳು ಜೊತೆ.